ಕೋಳಿಗೂಡಿಗೆ ಕಳ್ಳ ನುಗ್ಗುವ ದಾರಿ ಮುಚ್ಚುವುದು ಹೇಗೆ?

"ಜಾಲರಿ ಹಾಕಿಸಿದ್ದೇವೆ, ಬಾಗಿಲಿಗೆ ಚಿಲಕವೂ ಇದೆ, ಆದರೂ ವಾರಕ್ಕೊಂದು ಕೋಳಿ ಹೋಗುತ್ತಿದೆ. ಏನು ಮಾಡೋಣ?" ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುವುದೂ ಇದನ್ನೇ, ಅರಸೀಕೆರೆ, ಕಡೂರು ಕಡೆಯವರು ಕೇಳುವುದೂ ಇದನ್ನೇ. ಮಲೆನಾಡಿನ ಕಳ್ಳ ಬೇರೆ, ಬಯಲುಸೀಮೆಯ ಕಳ್ಳ ಬೇರೆ. ಆದರೆ ಗೂಡು ಕಟ್ಟುವಾಗ ಆಗುವ ತಪ್ಪು ಬಹುಪಾಲು ಒಂದೇ. ಅಂಗಡಿಯಲ್ಲಿ "ಕೋಳಿ ಜಾಲರಿ" ಎಂದು ಕೊಡುವ, ಆರು ಮೂಲೆಯ ಕಣ್ಣಿರುವ ತೆಳು ತಂತಿ ಬಲೆಯನ್ನೇ ರಾತ್ರಿ ಗೂಡಿಗೂ ಹೊಡೆದಿರುತ್ತಾರೆ. ಅದನ್ನು ಮಾಡಿರುವುದು ಕೋಳಿ ಆಚೆ ಹೋಗದಿರಲಿ ಎಂದು. ನಾಯಿ ಅದನ್ನು ಹಲ್ಲಲ್ಲೇ ಹರಿಯುತ್ತದೆ, ಹಾವು ಕಣ್ಣಿನೊಳಗೇ ತೂರುತ್ತದೆ, ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಬೆರಳಿಗೇ ಮುರಿಯುತ್ತದೆ.

ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ 20 ನಾಟಿ ಕೋಳಿಗಳ, 8 ಅಡಿ ಉದ್ದ 4 ಅಡಿ ಅಗಲದ ರಾತ್ರಿ ಗೂಡಿನ ಲೆಕ್ಕಕ್ಕೆ. ಹಗಲು ಹೊರಗೆ ಮೇಯುವ ಕೋಳಿಗೆ ರಾತ್ರಿ ತಂಗಲು ತಲೆಗೆ ಒಂದೂವರೆ ಚದರ ಅಡಿ ಸಾಕು. ನಿಮ್ಮ ಕೋಳಿಗಳ ಸಂಖ್ಯೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

1. ಮೊದಲು ಕಳ್ಳ ಯಾರೆಂದು ಪತ್ತೆ ಮಾಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟು ನೇರ ಅಂಗಡಿಗೆ ಹೋಗುತ್ತಾರೆ. ಹದ್ದಿಗೆ ಹೆದರಿ ಮೇಲೆ ಬಲೆ ಕಟ್ಟಿರುತ್ತಾರೆ, ಕೀರ, ಅಂದರೆ ಮುಂಗುಸಿ, ಕೆಳಗಿನಿಂದ ಬರುತ್ತಿರುತ್ತದೆ. ಕೋಳಿ ಹೋದ ದಿನ ಗೂಡು ಗುಡಿಸುವ ಮೊದಲು ಹತ್ತು ನಿಮಿಷ ನೋಡಿ.

ಏಳೆಂಟು ಕೋಳಿ ಸತ್ತು ಅಲ್ಲಲ್ಲೇ ಬಿದ್ದಿವೆ, ತಿಂದದ್ದು ಕಡಿಮೆ, ಪುಕ್ಕ ಅಂಗಳವೆಲ್ಲ ಹರಡಿದೆ ಎಂದರೆ ಅದು ನಾಯಿ. ಬೀದಿನಾಯಿಯೇ ಆಗಬೇಕೆಂದಿಲ್ಲ, ಪಕ್ಕದ ಮನೆಯದೂ ಆಗಬಹುದು, ನಿಮ್ಮದೂ ಆಗಬಹುದು. ಒಂದೇ ಕೋಳಿ ಇಡಿಯಾಗಿ ಮಾಯವಾಗಿ, ಬೇಲಿಯ ಕಡೆಗೆ ನಾಲ್ಕು ಪುಕ್ಕ ಉದುರಿದ್ದರೆ ಕಾಡುಬೆಕ್ಕು ಅಥವಾ ನರಿ. ಕತ್ತು ಕಚ್ಚಿ, ತಲೆ ತಿಂದು, ಮುಂಡ ಅಲ್ಲೇ ಬಿಟ್ಟಿದ್ದರೆ ಹೊತ್ತನ್ನು ಗಮನಿಸಿ: ಹಗಲಲ್ಲಾದರೆ ಕೀರ. ರಾತ್ರಿಯಾದರೆ ಪುನುಗು ಬೆಕ್ಕು ಅಥವಾ ಕಾಫಿ ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿಟ್ಟುಹೋಗುವ ಕಬ್ಬೆಕ್ಕು. ಕೋಳಿ ಗೂಡಿನೊಳಗೇ ಇದೆ, ಆದರೆ ಜಾಲರಿ ಪಕ್ಕದಲ್ಲಿ ತಲೆಯೋ ಕಾಲೋ ಇಲ್ಲದೆ ಬಿದ್ದಿದೆ ಎಂದರೆ ಕಳ್ಳ ಒಳಗೆ ಬಂದೇ ಇಲ್ಲ. ದೊಡ್ಡ ಕಣ್ಣಿನ ಜಾಲರಿಯಲ್ಲಿ ಪಂಜ ತೂರಿಸಿ ಎಳೆದು ತಿಂದಿದೆ.

ಸತ್ತ ಕೋಳಿಯ ತಲೆ, ಕತ್ತಿನ ಪುಕ್ಕ ಒದ್ದೆಯಾಗಿ ಅಂಟಂಟಾಗಿ ಒಂದೇ ಕಡೆಗೆ ಮಲಗಿದ್ದರೆ ಹಾವು ನುಂಗಲು ಹೋಗಿ, ಆಗದೆ ಉಗುಳಿದೆ. ಹೆಬ್ಬಾವಾದರೆ ಇಡೀ ಕೋಳಿ ನುಂಗಿ, ಬಂದ ಸಂದಿಯಲ್ಲಿ ಹೊಟ್ಟೆ ಹಿಡಿಸದೆ ಒಳಗೇ ಸುತ್ತಿಕೊಂಡಿರುತ್ತದೆ. ಬೆಳಗಿನ ಕತ್ತಲಲ್ಲಿ ಗೂಡಿಗೆ ಕೈ ಹಾಕುವ ಮುನ್ನ ಬ್ಯಾಟರಿ ಬಿಟ್ಟು ನೋಡಬೇಕಾದದ್ದು ಇದಕ್ಕೇ.

ಹಗಲಲ್ಲಿ ಹೂಮರಿಗಳು ಒಂದೊಂದಾಗಿ ಸುಳಿವಿಲ್ಲದೆ ಹೋಗುತ್ತಿದ್ದರೆ ಹದ್ದು, ಗಿಡುಗ, ಕಾಗೆ ಇವುಗಳ ಮೇಲೆ ಅನುಮಾನ ಪಡಿ. ತೋಟದಂಚಿನಲ್ಲಾದರೆ ಕೆಂಬೂತವೂ ಇರಬಹುದು. ರಾತ್ರಿ ತಾಯಿಯ ರೆಕ್ಕೆಯಡಿಯಿಂದಲೇ ಹೋಗುತ್ತಿದ್ದರೆ ಹಾವು ಇಲ್ಲವೇ ಹೆಗ್ಗಣ. ಮೊಟ್ಟೆಯ ಕಥೆ ಬೇರೆ. ಚಿಪ್ಪೂ ಸಿಗದಂತೆ ಮಾಯವಾದರೆ ಹಾವು ಅಥವಾ ಉಡ, ಕೊಕ್ಕಿನ ತೂತು ಬಿದ್ದ ಚಿಪ್ಪು ಸಿಕ್ಕರೆ ಕಾಗೆ, ಗೋಡೆಗೋ ಕಲ್ಲಿಗೋ ಅಪ್ಪಳಿಸಿ ಒಡೆದ ಚೂರು ಸಿಕ್ಕರೆ ಕೀರ. ಕೀರ ಮೊಟ್ಟೆಯನ್ನು ಕಾಲಸಂದಿಯಲ್ಲಿ ಹಿಂದಕ್ಕೆಸೆದು ಒಡೆಯುತ್ತದೆ.

ಇಷ್ಟಾದರೂ ತಿಳಿಯದಿದ್ದರೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ಜರಡಿ ಹಿಡಿದ ಬೂದಿ ಅಥವಾ ನುಣ್ಣನೆ ಮರಳು ಹರಡಿ ಬೆಳಿಗ್ಗೆ ಹೆಜ್ಜೆ ನೋಡಿ. ನಾಯಿ, ನರಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆ ಕಾಣುತ್ತದೆ. ಬೆಕ್ಕಿನ ಜಾತಿ ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಬರೀ ಗುಂಡು ಗುಂಡಾಗಿ ಮೂಡುತ್ತದೆ. ಕೀರದ್ದು ಐದು ಬೆರಳಿನ ಚಿಕ್ಕ ಹೆಜ್ಜೆ. ಉಗುರಿಲ್ಲದ ಗುಂಡು ಹೆಜ್ಜೆ ನಿಮ್ಮ ನಾಲ್ಕು ಬೆರಳು ಸೇರಿಸಿದಷ್ಟು ಅಗಲವಿದ್ದರೆ ಅದು ಚಿರತೆ. ಆಗ ಗೂಡಿನ ಕೆಲಸ ಆಮೇಲೆ, ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

2. ಸಾಮಾನು

ಮುಖ್ಯವಾಗಿ ಬೇಕಾದದ್ದು ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಮೆಶ್. ತಂತಿಗಳನ್ನು ಹೆಣೆಯದೆ, ಕೂಡುವಲ್ಲೆಲ್ಲ ಬೆಸುಗೆ ಹಾಕಿದ ಜಾಲರಿಗೆ ಹೀಗೆನ್ನುತ್ತಾರೆ. 19 ಗೇಜಿನದನ್ನು ಕೇಳಿ. ಗೇಜ್ ಎಂದರೆ ತಂತಿಯ ದಪ್ಪದ ಲೆಕ್ಕ, ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. ಅಂಗಡಿಯವರು 22 ಅಥವಾ 24 ಗೇಜಿನದನ್ನು "ಇದೂ ಅದೇ" ಎಂದು ಕೊಟ್ಟಾರು, ಒಪ್ಪಬೇಡಿ. ಸತುವಿನ ಲೇಪವಿರುವ ಜಿಐ ತಂತಿಯೇ ಆಗಿರಬೇಕು. ಮಲೆನಾಡಿನ ಮಳೆಗೆ ಲೇಪವಿಲ್ಲದ ಕಬ್ಬಿಣ ನಿಲ್ಲದು.

4 ಅಡಿ ಅಗಲ, 50 ಅಡಿ ಉದ್ದದ ಒಂದು ಸುರುಳಿ ಈ ಗೂಡಿಗೆ ಸಾಲುತ್ತದೆ. ಸುತ್ತಳತೆ 24 ಅಡಿ, ಮೂಲೆಯಲ್ಲಿ ಒಂದರ ಮೇಲೊಂದು ಬರಲು ಒಂದೆರಡು ಅಡಿ ಹೆಚ್ಚು ಹಿಡಿದರೆ ಗೋಡೆಗೆ 26 ಅಡಿ. ನೆಲದ ಮೇಲೆ ಹಾಸುವ ಅಂಚಿಗೆ 16 ಅಡಿ. ಉಳಿದದ್ದು ಮೊಟ್ಟೆಗೂಡಿಗೆ, ಬಾಗಿಲ ಸಂದಿಗೆ, ಮುಂದಿನ ರಿಪೇರಿಗೆ. ಹೆಂಚಿನ ಮಾಡಾದರೆ ಅದರ ಅಡಿಗೂ ಜಾಲರಿ ಬೇಕು, ಆಗ ಇನ್ನೊಂದು 10 ಅಡಿ ಬೇರೆ ಕೊಳ್ಳಬೇಕಾಗುತ್ತದೆ.

ಇದರ ಜೊತೆಗೆ ಒಂದೂವರೆ ಇಂಚು ಅಗಲದ ರೀಪರ್ ಪಟ್ಟಿ, ವಾಷರ್ ಸಮೇತ ಸ್ಕ್ರೂ, ಕಟ್ಟು ತಂತಿ, ಎರಡು ಚಿಲಕ, ಕೂರುವ ಗಳಕ್ಕೆ ಎರಡು ಇಂಚು ದಪ್ಪದ ಎರಡು ಕೋಲು. ಚೌಕಟ್ಟಿಗೆ ತೋಟದ ಸಿಲ್ವರ್ ಓಕ್ ಸಾಕು. ಅಡಿಕೆ ದಬ್ಬೆ ಅಗ್ಗವೆಂದು ಗೋಡೆಗೆ ಹೊಡೆಯುವವರಿದ್ದಾರೆ. ಒಣಗಿದಂತೆ ದಬ್ಬೆ ಮುದುರಿ ಸಂದಿ ಬಿಡುತ್ತದೆ, ಬೇಕಿದ್ದರೆ ಒಳಮಗ್ಗುಲಿಗೆ ಜಾಲರಿ ಹೊಡೆದು ಹೊರಗೆ ದಬ್ಬೆ ಹಾಕಿ.

3. ಜಾಗ

ಮನೆಯ ಹಿಂಬಾಗಿಲಿನಿಂದ ಗದ್ದಲ ಕೇಳಿಸುವಷ್ಟು ಹತ್ತಿರ ಇರಲಿ. ಸುತ್ತ ಹದಿನೈದು ಅಡಿ ಲಂಟಾನ, ಪೊದೆ, ಸೌದೆ ಒಟ್ಟಲು, ಹಳೇ ಹೆಂಚಿನ ರಾಶಿ ಏನೂ ಬೇಡ. ಕಾಡುಬೆಕ್ಕು ಬಯಲು ದಾಟಿ ಬರಲು ಹಿಂಜರಿಯುತ್ತದೆ, ಹೆಂಚಿನ ರಾಶಿ ಹಾವಿನ ಮನೆ. ಮಾಡಿನ ಮೇಲೆ ಚಾಚಿದ ಹಲಸು, ಮಾವಿನ ಕೊಂಬೆ ಕಡಿಸಿ. ಕಬ್ಬೆಕ್ಕು ಇಳಿಯುವುದು ಅಲ್ಲಿಂದಲೇ.

4. ಬುಡ

ಕೆಳಗಿನ ಎರಡು ಅಡಿಯನ್ನು ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನಲ್ಲಿ ಗಟ್ಟಿ ಗೋಡೆ ಮಾಡಿ, ಅದರ ಮೇಲೆ ಜಾಲರಿ ಬರಲಿ. ನಾಯಿ ಹಲ್ಲು ಹಾಕುವುದು, ನರಿ ಮೂತಿ ತೂರಿಸುವುದು ಆ ಎತ್ತರದಲ್ಲೇ.

ಗೂಡಿನೊಳಗೆ ಕಾಂಕ್ರೀಟ್ ನೆಲ ಹಾಕಿಸಿದರೆ ಕೊರೆದು ಬರುವವರ ಕಾಟ ತೀರಿತು. ಮಣ್ಣಿನ ನೆಲವಾದರೆ ಹೊರಗೆ "ಅಂಚು" ಹಾಸಬೇಕು. 4 ಅಡಿ ಜಾಲರಿಯನ್ನು ಉದ್ದಕ್ಕೆ ಸೀಳಿ 2 ಅಡಿ ಅಗಲದ ಪಟ್ಟಿ ಮಾಡಿಕೊಳ್ಳಿ. ಗೋಡೆಯ ಬುಡಕ್ಕೆ ತಾಗಿಸಿ, ಅಲ್ಲಿಂದ ಹೊರಕ್ಕೆ ನೆಲದ ಮೇಲೆ ಚಪ್ಪಟೆ ಹಾಸಿ, ಅಡಿಗೊಂದರಂತೆ ತಂತಿ ಗೂಟ ಹೊಡೆದು, ಮೇಲೆ ಎರಡು ಇಂಚು ಮಣ್ಣು ಮುಚ್ಚಿ. ನಾಲ್ಕು ಮೂಲೆಗೂ 2 ಅಡಿ ಚೌಕದ ತುಂಡು ಬೇರೆ ಹಾಕಲು ಮರೆಯಬೇಡಿ, ಬಿಟ್ಟುಹೋಗುವುದು ಯಾವಾಗಲೂ ಮೂಲೆಯೇ. ಕೊರೆಯುವ ಪ್ರಾಣಿ ಗೋಡೆಗೆ ಮೂತಿ ತಾಗುವಲ್ಲಿ ನಿಂತು ಕೆರೆಯುತ್ತದೆ, ಎರಡು ಅಡಿ ಹಿಂದೆ ಹೋಗಿ ಅಲ್ಲಿಂದ ಸುರಂಗ ತೋಡುವುದು ಕಡಿಮೆ. ಹಾಗಾಗಿ ನೇರ ಕೆಳಗೆ ಒಂದೂವರೆ ಅಡಿ ಅಗೆದು ಹೂಳುವುದಕ್ಕಿಂತ ಹೀಗೆ ಹಾಸುವುದೇ ಸುಲಭ ಮತ್ತು ವಾಸಿ. ಇಳಿಜಾರು ಜಾಗದಲ್ಲಿ ಮಳೆನೀರು ಮಣ್ಣು ಕೊಚ್ಚಿ ಅಂಚು ಎದ್ದು ನಿಲ್ಲುತ್ತದೆ. ಮೇಲ್ಗಡೆ ಒಂದು ಸಣ್ಣ ಬಸಿಗಾಲುವೆ ತೋಡಿ ನೀರು ತಿರುಗಿಸಿ.

ಕಂಬದ ಮೇಲೆ ಎತ್ತರಿಸಿದ ಮರದ ಗೂಡಾದರೆ ನೆಲದಿಂದ ಕನಿಷ್ಠ ಎರಡೂವರೆ ಅಡಿ ಇರಲಿ. ಪ್ರತಿ ಕಂಬಕ್ಕೂ ಒಂದೂವರೆ ಅಡಿ ಎತ್ತರದ ನುಣುಪು ತಗಡು ಸುತ್ತಿ. ಹೆಗ್ಗಣ, ಇಲಿಗೆ ತಗಡಿನ ಮೇಲೆ ಉಗುರು ಹಿಡಿಯುವುದಿಲ್ಲ. ಏಣಿಯನ್ನು ಸಂಜೆ ತೆಗೆದಿಡದಿದ್ದರೆ ಇಷ್ಟೂ ಕೆಲಸ ದಂಡ.

5. ಗೋಡೆ, ಮಾಡು

ಜಾಲರಿಯನ್ನು ಚೌಕಟ್ಟಿಗೆ ಬರೀ ಮೊಳೆ ಬಗ್ಗಿಸಿ ಹೊಡೆದರೆ ನಾಯಿಯ ಒಂದೇ ಎಳೆತಕ್ಕೆ ಕಿತ್ತುಬರುತ್ತದೆ. ಜಾಲರಿಯ ಅಂಚಿನ ಮೇಲೆ ರೀಪರ್ ಪಟ್ಟಿ ಇಟ್ಟು, ಆರು ಇಂಚಿಗೊಂದು ಸ್ಕ್ರೂ ಬಿಗಿಯಿರಿ. ಎರಡು ಜಾಲರಿ ಕೂಡುವಲ್ಲಿ ಮೂರು ಇಂಚು ಒಂದರ ಮೇಲೊಂದು ಬರಲಿ, ಆ ಉದ್ದಕ್ಕೂ ಕಟ್ಟು ತಂತಿಯಿಂದ ಹೊಲಿಯಿರಿ.

ಮಾಡಿನಲ್ಲಿ ಎರಡು ಕಡೆ ಎಡವುತ್ತಾರೆ. ಮಂಗಳೂರು ಹೆಂಚಾದರೆ ಕಬ್ಬೆಕ್ಕು ಮೂತಿಯಲ್ಲೇ ಹೆಂಚು ಸರಿಸಿ ಇಳಿಯುತ್ತದೆ, ಆದ್ದರಿಂದ ಹೆಂಚಿನ ಕೆಳಗೆ ಜಾಲರಿ ಕಡ್ಡಾಯ. ಶೀಟ್ ಆದರೆ ಅದರ ಅಲೆ ಅಲೆಯ ಅಡಿ, ಗೋಡೆಪಟ್ಟಿಗೆ ತಾಗುವಲ್ಲಿ, ಒಂದೂವರೆ ಎರಡು ಇಂಚಿನ ಸಂದಿಗಳು ಸಾಲಾಗಿ ಉಳಿಯುತ್ತವೆ. ಕೆಳಗೆ ನಿಂತು ನೋಡಿದರೆ ಕಾಣುವುದಿಲ್ಲ. ಕೀರಕ್ಕೂ ಹಾವಿಗೂ ಅದು ಹೆದ್ದಾರಿ. ಜಾಲರಿಯ ತುಂಡನ್ನು ಸುರುಳಿ ಸುತ್ತಿ ಒಂದೊಂದಕ್ಕೂ ತುರುಕಿ, ಅಥವಾ ಸಿಮೆಂಟಿನಿಂದ ಮುಚ್ಚಿ. ಕೆಲಸ ಮುಗಿದ ಮೇಲೆ ಹಗಲಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಜಾಲರಿಯ ಮೇಲೆ ಹೊರಗಿನಿಂದ ಗೋಣಿ ಇಳಿಬಿಡಿಸಿ ನೋಡಿ. ಬೆಳಕು ಬರುವ ಕಡೆಯೆಲ್ಲ ಸಂದಿ. ನಿಮ್ಮ ಹೆಬ್ಬೆರಳು ಹೋಗುವಷ್ಟಿದ್ದರೆ ಮುಚ್ಚಲೇಬೇಕು.

ಕಳ್ಳನ ಭಯಕ್ಕೆ ನಾಲ್ಕೂ ಕಡೆ ಹಲಗೆ ಹೊಡೆದು ಗಾಳಿ ಕಟ್ಟಿಬಿಟ್ಟರೆ ಹಿಕ್ಕೆಯ ಅಮೋನಿಯ ಕಟ್ಟಿಕೊಂಡು ಕೋಳಿಗೆ ಕೆಮ್ಮು, ಕಣ್ಣುರಿ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿಯುವ ಕಡೆಗೆ ಮಾತ್ರ ಟಾರ್ಪಾಲ್ ಇಳಿಬಿಟ್ಟು, ಮಾಡಿನ ಕೆಳಗಿನ ಒಂದು ಅಡಿ ತೆರೆದೇ ಇಡಿ.

ಒಳಗೆ ಕೂರುವ ಗಳ ಎರಡೂ ಒಂದೇ ಎತ್ತರದಲ್ಲಿರಲಿ, ಇಲ್ಲದಿದ್ದರೆ ಮೇಲಿನದಕ್ಕೆ ಕಿತ್ತಾಟ. ಕೋಳಿಗೆ 8 ಇಂಚಿನಂತೆ 20ಕ್ಕೆ ಹದಿಮೂರೂವರೆ ಅಡಿ ಬೇಕು, 8 ಅಡಿಯ ಎರಡು ಗಳ ಧಾರಾಳ. ಗಳ ಜಾಲರಿಯಿಂದ ಒಂದು ಅಡಿ ಒಳಗಿರಬೇಕು. ಜಾಲರಿಗೆ ಒರಗಿ ಮಲಗಿದ ಕೋಳಿ ಹೊರಗಿನ ಬೆಕ್ಕಿನ ಕಣ್ಣಿಗೆ ಬೀಳುತ್ತದೆ, ಬೆಕ್ಕು ಹಾರಿ ಬಡಿದರೆ ಒಳಗಿನವೆಲ್ಲ ಗಾಬರಿಯಾಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ.

6. ಬಾಗಿಲು

ಬಾಗಿಲು ಹೊರಕ್ಕೆ ತೆರೆಯಬೇಕು. ಆಗ ನಾಯಿ ಎಷ್ಟು ದೂಡಿದರೂ ಅದು ಚೌಕಟ್ಟಿಗೇ ಒತ್ತುತ್ತದೆ. ಕೆಳಗೊಂದು ಮೇಲೊಂದು ಎರಡು ಚಿಲಕ ಇರಲಿ. ಒಂದೇ ಚಿಲಕವಿದ್ದರೆ ಕೆಳಮೂಲೆ ಬಗ್ಗಿ ಎರಡು ಬೆರಳು ಸಂದಿ ಬಿಡುತ್ತದೆ. ಮೇಲಕ್ಕೆತ್ತಿದರೆ ಬಿಡಿಸಿಕೊಳ್ಳುವ ಕೊಕ್ಕೆ, ಸುತ್ತಿದ ಹಗ್ಗ, ಅಡ್ಡ ಒರಗಿಸಿದ ಕಲ್ಲು ಇವನ್ನು ನಂಬಬೇಡಿ. ಕೆಳಗೆ ಮೂರು ಇಂಚಿನ ಹೊಸ್ತಿಲು ಕೊಡಿ. ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾರ್ಚ್‌ನಲ್ಲಿ ಒಮ್ಮೆ ಸಂದಿ ಅಳೆದು ನೋಡಿ.

7. ಹಗಲಿನ ಕಾವಲು

ಹಗಲಲ್ಲಿ ಪೂರ್ತಿ ರಕ್ಷಣೆ ಆಗದ ಮಾತು, ಹೊರಗೆ ಬಿಟ್ಟು ಸಾಕುವುದಾದರೆ ಅಷ್ಟು ಒಪ್ಪಿಕೊಳ್ಳಬೇಕು. ನಷ್ಟ ಕಡಿಮೆ ಮಾಡಬಹುದು. ಕಾಫಿ ಗಿಡದ ನೆರಳಿನಲ್ಲಿ ಮೇಯುವ ಕೋಳಿಗೆ ಹದ್ದಿನ ಭಯ ಕಡಿಮೆ, ಕೀರದ ಭಯ ಹೆಚ್ಚು. ಅರಸೀಕೆರೆ ಕಡೆಯ ತೆಂಗಿನ ತೋಟದ ಬಯಲಲ್ಲಿ ಇದು ತಿರುವುಮುರುವು. ಬಯಲಾದರೆ ಅಲ್ಲಲ್ಲಿ ತೆಂಗಿನ ಗರಿಯ ಸಣ್ಣ ಚಪ್ಪರ ಹಾಕಿ, ನೆರಳು ಬಿದ್ದ ಕೂಡಲೆ ನುಗ್ಗಲು ಅಷ್ಟು ಸಾಕು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಗಿರಿರಾಜ ಮೈಭಾರದ ಕೋಳಿ, ತಪ್ಪಿಸಿಕೊಂಡು ಹಾರುವುದು ಕಷ್ಟ. ಸ್ವರ್ಣಧಾರ ಅದಕ್ಕಿಂತ ಹಗುರ, ತಪ್ಪಿಸಿಕೊಳ್ಳುವುದರಲ್ಲಿ ಒಂದು ಕೈ ಮೇಲು. ನಾಟಿ ಹ್ಯಾಟೆಗೆ ಇವೆರಡೂ ಸಮನಲ್ಲ. ಗಿರಿರಾಜ ಸಾಕುವವರು ಬೇಲಿ ಹಾಕಿದ ಅಂಗಳದಲ್ಲೇ ಬಿಡುವುದು ಒಳ್ಳೆಯದು.

ಅಂಗಳದ ಬೇಲಿಗೆ ಎರಡು ಇಂಚಿನ ಡೈಮಂಡ್ ಮೆಶ್ 5 ಅಡಿ ಎತ್ತರಕ್ಕೆ ಸಾಕು, ಆದರೆ ಅದರ ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ಜಾಲರಿ ಸೇರಿಸಿ. ಮೇಲೆ ನೈಲಾನ್ ಬಲೆ ಕಟ್ಟುವುದಾದರೆ ಬಿಗಿಯಾಗಿ ಎಳೆದು ಕಟ್ಟಿ, ನೆಲಕ್ಕೆ ಜೋತು ಬೀಳಲು ಬಿಡಬೇಡಿ. ಜೋತ ಬಲೆಯಲ್ಲಿ ಕೇರೆ ಹಾವು ಸಿಕ್ಕಿ ಸಾಯುತ್ತದೆ, ಇಲಿ ತಿನ್ನುವ ಹಾವನ್ನು ಕಳೆದುಕೊಂಡರೆ ಇಲಿಯ ಕಾಟ ಹೆಚ್ಚುತ್ತದೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ, ಅಂಗಳ ಖಾಲಿ. ಆ ದಿನಗಳಲ್ಲಿ ಕೋಳಿಯನ್ನು ಬೆಳಿಗ್ಗೆ ಬಿಡದೆ, ಕೆಲಸದಿಂದ ಬಂದ ಮೇಲೆ ಎರಡು ತಾಸು ಬಿಟ್ಟರೂ ನಡೆಯುತ್ತದೆ. ಮೇವು ನೀರು ಒಳಗೇ ಇರಲಿ, ಅಷ್ಟು ಹೊತ್ತು ಕೂಡಿಡಲು ಗೂಡಿಗೆ ಹೊಂದಿಕೊಂಡ ಬೇಲಿಯ ಅಂಗಳ ಇರಲೇಬೇಕು.

8. ಹೂಮರಿ, ಕಾವು ಕೂತ ಹೇಂಟೆ

ಮರಿಗೆ ಎಂಟು ವಾರ ತುಂಬುವವರೆಗೆ ಬೇರೆ ಲೆಕ್ಕ. ಅರ್ಧ ಇಂಚಿನ ಕಣ್ಣಿನಲ್ಲೂ ಸಣ್ಣ ಹಾವು ತೂರೀತು, ಮೊಟ್ಟೆ ನುಂಗಲಾರದ ಹಾವು ಹೂಮರಿಯನ್ನು ನುಂಗೀತು. ಹಾಗಾಗಿ ಮರಿಯ ಪಂಜರಕ್ಕೆ ಕಾಲು ಇಂಚಿನ ಜಾಲರಿಯೇ ಬೇಕು. 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ, ತಳಕ್ಕೂ ಜಾಲರಿಯಿರುವ ಪಂಜರದಲ್ಲಿ ತಾಯಿ ಮತ್ತು ಹತ್ತು ಹನ್ನೆರಡು ಮರಿ ಮೊದಲ ಮೂರು ವಾರ ಇರಬಹುದು. ತಳದ ಮೇಲೆ ಭತ್ತದ ಹೊಟ್ಟು ಎರಡು ಇಂಚು ಹಾಕಿ. ಮಂಕರಿ ಕವುಚುವುದು ಹಗಲಿಗೆ ಸರಿ, ಮೇಲೊಂದು ಕಲ್ಲು ಇಟ್ಟಿದ್ದರೆ. ರಾತ್ರಿಗೆ ಮಂಕರಿಯನ್ನು ಗೂಡಿನ ಒಳಗೆ ಇಡಬೇಕು, ಜಗುಲಿಯಲ್ಲಲ್ಲ.

ಕಾವು ಕೂತ ಹೇಂಟೆ ಕದಲುವುದಿಲ್ಲ, ಮೂಲೆಯ ಗೋಣಿಯ ಮೇಲೆ ಕೂತದ್ದನ್ನು ಹಾಗೇ ಬಿಟ್ಟರೆ 21 ದಿನವೂ ಅಪಾಯ. ಕಾವಿಗೆ ಕೂತ ರಾತ್ರಿಯೇ ಬುಟ್ಟಿ ಸಮೇತ ಎತ್ತಿ ಪಂಜರಕ್ಕೆ ಹಾಕಿ. ಹಗಲು ಎತ್ತಿದರೆ ಕಾವು ಬಿಟ್ಟು ಏಳುವುದುಂಟು.

9. ಸಂಜೆಯ ಕೆಲಸ

ನವೆಂಬರ್, ಡಿಸೆಂಬರ್‌ನಲ್ಲಿ ಈ ಸೀಮೆಯಲ್ಲಿ ಆರು ಗಂಟೆಯ ಹೊತ್ತಿಗೆ ಹೊತ್ತು ಮುಳುಗುತ್ತದೆ, ಜೂನ್, ಜುಲೈನಲ್ಲಿ ಏಳರ ಹತ್ತಿರ. ಕೋಳಿ ಗಡಿಯಾರ ನೋಡುವುದಿಲ್ಲ, ನರಿಯೂ ನೋಡುವುದಿಲ್ಲ. ಹೊತ್ತು ಮುಳುಗಿ ಇಪ್ಪತ್ತು ನಿಮಿಷದೊಳಗೆ ಎಣಿಸಿ ಚಿಲಕ ಹಾಕುವುದೇ ನಿಯಮ. ಮೊಟ್ಟೆ ಎತ್ತಿ, ಉಳಿದ ಕಾಳು ಗುಡಿಸಿ, ಮೇವನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಕಾಳಿಗೆ ಇಲಿ, ಇಲಿಗೆ ಹಾವು, ಈ ಸರಪಳಿ ಶುರುವಾಗುವುದು ರಾತ್ರಿ ಬಿಟ್ಟ ಮೇವಿನ ತಟ್ಟೆಯಿಂದ.

ಮರದ ಮೇಲೆ ಮಲಗುವ ಚಾಳಿ ಬಿದ್ದ ಕೋಳಿಗಳನ್ನು ಹತ್ತು ದಿನ ಗೂಡಿನಲ್ಲೇ ಕೂಡಿಹಾಕಿ, ಮೇವು ಅಲ್ಲೇ ಕೊಡಿ. ಆಮೇಲೆ ಸಂಜೆ ಹೊಟ್ಟೆ ತುಂಬ ಕಾಳು ಗೂಡಿನಲ್ಲಿ ಮಾತ್ರ ಸಿಗುವಂತೆ ಮಾಡಿದರೆ ತಾವಾಗಿ ಬರುತ್ತವೆ. ಹಟಮಾರಿ ಹುಂಜ ಒಂದೆರಡು ಉಳಿಯುತ್ತವೆ, ಅವನ್ನು ಕತ್ತಲಾದ ಮೇಲೆ ಇಳಿಸಬೇಕಷ್ಟೆ.

10. ನಾಯಿ, ದೀಪ, ವಿದ್ಯುತ್

ನಾಯಿ ಇದ್ದರೆ ನರಿ ದೂರ ಇರುತ್ತದೆ ಎನ್ನುವುದು ನಿಜ. ಆದರೆ ಚಿರತೆ ಓಡಾಡುವ ತೋಟದಲ್ಲಿ ಗೂಡಿನ ಪಕ್ಕ ನಾಯಿ ಕಟ್ಟುವುದೆಂದರೆ ಚಿರತೆಗೆ ಎಲೆ ಹಾಕಿದಂತೆ. ಅಂಥ ಕಡೆ ನಾಯಿಗೂ ಮುಚ್ಚಿದ ಗೂಡು ಬೇಕು. ಮಿನುಗುವ ದೀಪ, ತೂಗುಹಾಕಿದ ಸಿಡಿ ತಟ್ಟೆ, ಬೆದರುಬೊಂಬೆ ಒಂದೆರಡು ವಾರ ಕೆಲಸ ಮಾಡುತ್ತವೆ, ಆಮೇಲೆ ಪ್ರಾಣಿಗೆ ರೂಢಿಯಾಗುತ್ತದೆ. ಬೆಳ್ಳುಳ್ಳಿ ನೀರು, ಫಿನೈಲ್ ಹಾವನ್ನು ತಡೆಯುತ್ತವೆ ಎಂಬುದು ಬರೀ ನಂಬಿಕೆ.

ಕರೆಂಟ್ ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಕೊಡುವುದು ಅಪರಾಧ. ಅದರಲ್ಲಿ ಮೊದಲು ಸಾಯುವುದು ಮನೆಯವರೋ ದನವೋ. ಬೇಕೇ ಬೇಕೆಂದರೆ ಕ್ಷಣ ಮಾತ್ರ ಮಿಡಿದು ನಿಲ್ಲುವ ಸೋಲಾರ್ ಬೇಲಿ ಯಂತ್ರ ತಂದು, ನೆಲದಿಂದ 6 ಮತ್ತು 12 ಇಂಚಿಗೆ ಎರಡು ತಂತಿ ಎಳೆಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹುಲ್ಲು ಸವರಬೇಕು, ಹಸಿ ಹುಲ್ಲು ತಂತಿಗೆ ತಾಗಿದರೆ ಹೊಡೆತವೆಲ್ಲ ನೆಲಕ್ಕೆ ಇಳಿದುಹೋಗುತ್ತದೆ.

ಉರುಳು, ಬಾಂಬು, ಕೀಟನಾಶಕ ಸವರಿದ ಮಾಂಸ ಇವುಗಳ ಕಡೆಗೆ ಕೈ ಹೋಗಲೇಬಾರದು. ಹೆಬ್ಬಾವು, ಉಡ, ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಡುಬೆಕ್ಕು, ಕೀರ, ಪುನುಗು ಬೆಕ್ಕುಗಳಿಗೂ ಅದೇ ಕಾಯ್ದೆಯ ರಕ್ಷಣೆಯಿದೆ. ವಿಷದ ಮಾಂಸವನ್ನು ತಿನ್ನುವುದು ಹೆಚ್ಚಾಗಿ ಊರ ನಾಯಿಗಳು.

11. ಒಂದು ಹೋದ ಮೇಲೆ

ಒಮ್ಮೆ ಊಟ ಸಿಕ್ಕಿದ ಜಾಗಕ್ಕೆ ಪ್ರಾಣಿ ಮರುದಿನ ಅಥವಾ ಮೂರನೇ ದಿನ ಮತ್ತೆ ಬರುತ್ತದೆ. ಮೇಸ್ತ್ರಿ ಬರುವವರೆಗೆ ಕಾಯಬೇಡಿ. ಸಂದಿ ಸಿಕ್ಕಿದ್ದರೆ ಅಂದೇ ಮುಚ್ಚಿ, ಸಿಗದಿದ್ದರೆ ಉಳಿದ ಕೋಳಿಗಳನ್ನು ಆ ರಾತ್ರಿ ಮನೆಯ ಕೊಟ್ಟಿಗೆಗೋ ಸೌದೆಮನೆಗೋ ಸಾಗಿಸಿ. ಸತ್ತ ಕೋಳಿಯನ್ನು ತೋಟಕ್ಕೆ ಎಸೆಯದೆ ಮೂರಡಿ ಆಳಕ್ಕೆ ಸುಣ್ಣ ಹಾಕಿ ಹೂಳಿ, ಎಸೆದರೆ ನೀವೇ ಕರೆದಂತೆ. ಗೂಡಿನಲ್ಲಿ ಹಾವು ಸಿಕ್ಕರೆ ಬಾಗಿಲು ಹಾಕಿ, ಹಾವು ಹಿಡಿಯುವವರನ್ನು ಅಥವಾ ಅರಣ್ಯ ಇಲಾಖೆಯನ್ನು ಕರೆಯಿರಿ.

ರಾತ್ರಿ ಗದ್ದಲ ಕೇಳಿತೆಂದು ಬ್ಯಾಟರಿ ಹಿಡಿದು ಒಬ್ಬರೇ ಓಡಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟದಲ್ಲಿ ಆನೆ ನಿಂತಿರಬಹುದು. ಮೊದಲು ಹೊರಗಿನ ದೀಪ ಹಾಕಿ, ಜಗುಲಿಯಿಂದಲೇ ಕೂಗಿ, ಕಣ್ಣಿಗೆ ಕಂಡಷ್ಟು ನೋಡಿ ಆಮೇಲೆ ಇಳಿಯಿರಿ.

ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಇಡೀ ಜಾಲರಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಒಂದು ಸುತ್ತು ಬನ್ನಿ. ತುಕ್ಕು ಮೊದಲು ಹಿಡಿಯುವುದು ಮಣ್ಣಿಗೆ ತಾಗುವ ಅಂಚಿಗೆ ಮತ್ತು ಹಿಕ್ಕೆ ಬೀಳುವ ಮೂಲೆಗೆ. ಅಲ್ಲಿ ಬೆಸುಗೆ ಬಿಟ್ಟ ಒಂದು ಕಣ್ಣು ಕಂಡರೂ ಅಂಗೈಯಗಲದ ತುಂಡು ಹೊದಿಸಿ ತಂತಿಯಿಂದ ಹೊಲಿದುಬಿಡಿ. ಸುರುಳಿಯಲ್ಲಿ ಉಳಿಸಿದ್ದು ಇದಕ್ಕೇ.